ಉಬುಂಟು ಬೇಡವೆಂದರೆ ಯಾವ ಲಿನಕ್ಸ್?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅಂದಿನಿಂದ ಬಂಧುಬಳಗದಲ್ಲಿ, ಸ್ನೇಹಿತರಲ್ಲಿ ಒಂದೇ ಪ್ರಶ್ನೆ: ಈ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಬಿಡಲೇ? ಕೇಳುವವರ ಯಂತ್ರಗಳಿಗೆ ಏನೂ ಆಗಿಲ್ಲ. ಪರದೆ ಸರಿಯಾಗಿದೆ, ಕೀಲಿಮಣೆ ಸರಿಯಾಗಿದೆ, ಬ್ಯಾಟರಿ ಮಾತ್ರ ಸ್ವಲ್ಪ ಸೊರಗಿದೆ. ಆದರೆ ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಇರಬೇಕು. 2016ರಲ್ಲಿ ಸಾಲ ಮಾಡಿ ಕೊಂಡ ಲ್ಯಾಪ್‌ಟಾಪ್ ಆ ಪಟ್ಟಿಯಿಂದ ಹೊರಗೆ ಉಳಿಯುತ್ತದೆ. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ದಾರಿಯೊಂದನ್ನು ಕಂಪನಿ ತೆರೆದಿಟ್ಟಿದೆ ನಿಜ. ಅದೂ 2026ರ ಅಕ್ಟೋಬರ್‌ಗೆ ಮುಗಿಯುತ್ತದೆ.

ಲಿನಕ್ಸ್ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಉಬುಂಟು. ಅದಕ್ಕೆ ಕಾರಣವಿದೆ. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಕಟ್ಟಿದ ಕೆನಾನಿಕಲ್ ಕಂಪನಿ 2004ರ ಅಕ್ಟೋಬರ್‌ನಲ್ಲಿ ಅದನ್ನು ಹೊರತಂದಿತು. ಇಂಟರ್ನೆಟ್ ನಿಧಾನವಾಗಿದ್ದ ಆ ದಿನಗಳಲ್ಲಿ ಕೇಳಿದವರ ವಿಳಾಸಕ್ಕೆ ಅಂಚೆಯಲ್ಲಿ ಪುಕ್ಕಟೆಯಾಗಿ ಸಿಡಿ ಕಳಿಸುತ್ತಿತ್ತು. ಲಿನಕ್ಸ್ ಅಂದರೆ ಕಪ್ಪು ಪರದೆಯ ಮೇಲೆ ಏನೇನೋ ಟೈಪ್ ಮಾಡುವುದು ಎಂಬ ಭಯವನ್ನು ಬಿಡಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಹಾಗಿದ್ದೂ ಇಂದು ಮನೆಯ ಕಂಪ್ಯೂಟರಿಗೆ ಯಾವುದು ಎಂದು ಕೇಳಿದರೆ ನಾನು ಉಬುಂಟು ಹೆಸರನ್ನು ಮೊದಲು ಹೇಳುವುದಿಲ್ಲ. ಯಾಕೆ ಎಂದು ವಿವರಿಸಲು ಡಿಸ್ಟ್ರೊ ಅಂದರೇನು ಎಂಬಲ್ಲಿಂದ ಶುರು ಮಾಡಬೇಕು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ್ದು ಕರ್ನೆಲ್ ಮಾತ್ರ; ಅಂದರೆ ಯಂತ್ರಾಂಶದ ಜೊತೆ ನೇರವಾಗಿ ವ್ಯವಹರಿಸುವ ಒಳತಿರುಳು. ಅದರ ಮೇಲೆ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯ ಸಲಕರಣೆಗಳು, ಕಿಟಕಿ-ಮೆನುಗಳನ್ನು ತೋರಿಸುವ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ತಂತ್ರಾಂಶ ಎಲ್ಲವನ್ನೂ ಜೋಡಿಸಿ, ಪರೀಕ್ಷಿಸಿ, ಒಟ್ಟಿಗೆ ಕೊಡುವುದೇ ಡಿಸ್ಟ್ರೊ. ಉಬುಂಟುವಿನಲ್ಲಿರುವ ಲಿಬ್ರೆ ಆಫೀಸೇ ಡೆಬಿಯನ್‌ನಲ್ಲೂ ಇರುತ್ತದೆ, ಫೆಡೋರಾದಲ್ಲೂ ಇರುತ್ತದೆ. ಫೈರ್‌ಫಾಕ್ಸ್ ಎಲ್ಲ ಕಡೆಯೂ ಫೈರ್‌ಫಾಕ್ಸೇ. ಹಾಗಾದರೆ ವ್ಯತ್ಯಾಸ ಎಲ್ಲಿ? ತಂತ್ರಾಂಶಗಳನ್ನು ಯಾರು ಆರಿಸುತ್ತಾರೆ, ಎಷ್ಟು ತಿಂಗಳಿಗೊಮ್ಮೆ ಬದಲಿಸುತ್ತಾರೆ, ದೋಷ ಸಿಕ್ಕಾಗ ಎಷ್ಟು ವರ್ಷದವರೆಗೆ ತಿದ್ದಿ ಕೊಡುತ್ತಾರೆ ಎಂಬುದರಲ್ಲಿ. ಹೊಸಬರು ಸಾಮಾನ್ಯವಾಗಿ ಸ್ಕ್ರೀನ್‌ಶಾಟ್ ನೋಡಿ ಆರಿಸುತ್ತಾರೆ. ವಾಲ್‌ಪೇಪರ್, ಐಕಾನ್, ಮೆನುವಿನ ಜಾಗ ಇವೆಲ್ಲ ಅರ್ಧ ಗಂಟೆಯಲ್ಲಿ ಬದಲಿಸಬಹುದಾದ ಸಂಗತಿಗಳು. ಅಪ್‌ಡೇಟ್‌ನ ಲಯವನ್ನು ನೀವು ಬದಲಿಸಲಾರಿರಿ. ಡಿಸ್ಟ್ರೊವಾಚ್ ತಾಣದ ಶ್ರೇಯಾಂಕ ನೋಡಿ ನಿರ್ಧರಿಸುವವರೂ ಇದ್ದಾರೆ. ಅದು ಆಯಾ ಡಿಸ್ಟ್ರೊದ ಪುಟವನ್ನು ಎಷ್ಟು ಜನ ತೆರೆದು ನೋಡಿದರು ಎಂಬ ಲೆಕ್ಕ. ಎಷ್ಟು ಜನ ದಿನವೂ ಬಳಸುತ್ತಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ.

ಈಗ ಉಬುಂಟು ವಿಚಾರ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಅದರ ದೀರ್ಘಾವಧಿಯ, ಅಂದರೆ ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷ ಬೆಂಬಲವಿದೆ. ಮನೆ ಬಳಕೆಗೆ ಐದು ಯಂತ್ರಗಳವರೆಗೆ ಉಚಿತವಾಗಿ ಸಿಗುವ ಉಬುಂಟು ಪ್ರೊ ನೋಂದಣಿಯಿಂದ ಅದು ಹತ್ತು ವರ್ಷಕ್ಕೂ ಚಾಚುತ್ತದೆ. ಇದು ದೊಡ್ಡ ಗುಣ. ನನ್ನ ತಕರಾರು ಸ್ನ್ಯಾಪ್ ಬಗ್ಗೆ. ಸ್ನ್ಯಾಪ್ ಎಂದರೆ ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಪರಿಕರಗಳೊಂದಿಗೆ ಒಂದೇ ಕಟ್ಟಾಗಿ ಕೊಡುವ ಕೆನಾನಿಕಲ್‌ನ ವಿಧಾನ. ಉಬುಂಟು 22.04ರಿಂದ ಈಚೆಗೆ ಎಪಿಟಿ ಎಂಬ ಮಾಮೂಲಿ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಫೈರ್‌ಫಾಕ್ಸ್ ಹಾಕಲು ಹೇಳಿದರೂ ಒಳಗಿಂದ ಬರುವುದು ಸ್ನ್ಯಾಪ್ ಕಟ್ಟೇ. ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ಸ್ನ್ಯಾಪ್ ಕಟ್ಟು ಸಂಕುಚಿತ ರೂಪದಲ್ಲಿರುವುದರಿಂದ, ಎಸ್‌ಎಸ್‌ಡಿ ಇಲ್ಲದ ಹಳೆಯ ಹಾರ್ಡ್ ಡಿಸ್ಕ್ ಯಂತ್ರದಲ್ಲಿ ಬ್ರೌಸರ್ ಮೊದಲ ಸಲ ತೆರೆಯುವಾಗ ಕಾಯಬೇಕಾಗುತ್ತದೆ. ಜೊತೆಗೆ ಸ್ನ್ಯಾಪ್ ಅಂಗಡಿಯ ಸರ್ವರ್ ಕೆನಾನಿಕಲ್ ಒಬ್ಬರ ಕೈಯಲ್ಲೇ ಇದೆ, ಅದರ ಸೋರ್ಸ್ ಕೋಡ್ ಮುಕ್ತವಲ್ಲ. ಮುಕ್ತ ತಂತ್ರಾಂಶವೆಂದು ನಂಬಿ ಬಂದವರಿಗೆ ಇದು ಸಣ್ಣ ವಿಷಯವಲ್ಲ.

ಇದೇ ಕಾರಣಕ್ಕೆ ಮಿಂಟ್ ಮುಂದೆ ಬರುತ್ತದೆ. ಕ್ಲೆಮೆಂಟ್ ಲೆಫೆಬ್ರ್ 2006ರಲ್ಲಿ ಆರಂಭಿಸಿದ ಲಿನಕ್ಸ್ ಮಿಂಟ್ ಉಬುಂಟುವಿನ ಎಲ್‌ಟಿಎಸ್ ತಳಹದಿಯ ಮೇಲೆಯೇ ನಿಂತಿದೆ. ಅಲ್ಲಿನ ಡ್ರೈವರ್‌ಗಳು, ಭದ್ರತಾ ತಿದ್ದುಪಡಿಗಳು ಇಲ್ಲಿಗೂ ಬರುತ್ತವೆ. ಆದರೆ 2020ರಲ್ಲಿ ಬಂದ ಮಿಂಟ್ 20ರಿಂದ ಸ್ನ್ಯಾಪ್ ತಾನಾಗಿ ಒಳನುಸುಳದಂತೆ ತಡೆ ಹಾಕಿದ್ದಾರೆ. ಬೇಕೆಂದವರು ಆ ತಡೆಯನ್ನು ತೆಗೆಯಬಹುದು. ಬೇಡದವರು ಏನೂ ಮಾಡಬೇಕಿಲ್ಲ. ಫೈರ್‌ಫಾಕ್ಸ್ ಸಾಮಾನ್ಯ ಪ್ಯಾಕೇಜಾಗಿಯೇ ಸಿಗುತ್ತದೆ. ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲವಿದೆ.

ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ವಿಂಡೋಸ್ 7 ಬಳಸಿದವರಿಗೆ ಕೂಡಲೇ ಕೈಗೆ ಹತ್ತುತ್ತದೆ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲಕ್ಕೆ ಗಡಿಯಾರ. ಅರವತ್ತು ದಾಟಿದ ಹಿರಿಯರಿಗೆ ಹೊಸದಾಗಿ ಕಲಿಸುವ ಪ್ರಮೇಯ ಬರುವುದಿಲ್ಲ. ಇದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಟೈಮ್‌ಶಿಫ್ಟ್. ದೊಡ್ಡ ಅಪ್‌ಡೇಟ್‌ಗೆ ಮುಂಚೆ ಇಡೀ ವ್ಯವಸ್ಥೆಯ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡರೆ, ಎಡವಟ್ಟಾದಾಗ ನಿನ್ನೆಯ ಸ್ಥಿತಿಗೆ ಮರಳಬಹುದು. ಅದು ನಿಮ್ಮ ಫೋಟೊ, ಕಡತಗಳ ಬ್ಯಾಕಪ್ ಅಲ್ಲ ಎಂಬುದು ನೆನಪಿರಲಿ. ಅವುಗಳಿಗೆ ಬೇರೆ ಡಿಸ್ಕ್ ಬೇಕೇ ಬೇಕು. ಮಿಂಟ್‌ನವರು ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ನೆಮ್ಮದಿಯ ಬಳಕೆಗೆ 4 ಜಿಬಿ. ನಾಲ್ಕೇ ಜಿಬಿ ಇದ್ದರೆ ಸಿನಮನ್ ಬದಲು ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ರ‍್ಯಾಮ್ ನುಂಗುವುದು ಡೆಸ್ಕ್‌ಟಾಪಿಗಿಂತ ಹೆಚ್ಚಾಗಿ ಬ್ರೌಸರ್‌ನ ಟ್ಯಾಬ್‌ಗಳು, ಹಾಗಾಗಿ ಉಳಿದಷ್ಟು ಲಾಭ. ಹಳೆಯ ಯಂತ್ರಕ್ಕೆ ಖರ್ಚು ಮಾಡುವುದೇ ಆದರೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಯಾವ ಡಿಸ್ಟ್ರೊ ಬದಲಾವಣೆಯೂ ಕೊಡದ ವೇಗವನ್ನು ಅದು ಕೊಡುತ್ತದೆ.

ಮಿಂಟ್‌ನ ಇತಿಹಾಸದಲ್ಲಿ ಒಂದು ಕೆಟ್ಟ ದಿನವೂ ಇದೆ. 2016ರ ಫೆಬ್ರುವರಿ 20ರಂದು ಅವರ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಸೇರಿಸಿದ ನಕಲಿ ಐಎಸ್‌ಒ ಕಡತವನ್ನು ಜನರಿಗೆ ದಾಟಿಸಿದರು. ತಂಡ ಅದನ್ನು ಮುಚ್ಚಿಡದೆ ತಾನೇ ಪ್ರಕಟಿಸಿತು. ಡೌನ್‌ಲೋಡ್ ಆದ ಕಡತದ ಚೆಕ್‌ಸಮ್ ಹೋಲಿಸಿ ನೋಡಿ, ಅದರ ಮೇಲಿನ ಸಹಿಯನ್ನೂ ಪರಿಶೀಲಿಸಿ ಎಂದು ಬಲ್ಲವರು ಒತ್ತಿ ಹೇಳುವುದು ಇಂಥ ಘಟನೆಗಳಿಂದಲೇ. ಐದು ನಿಮಿಷದ ಕೆಲಸ, ಬಿಡಬೇಡಿ.

ಉಬುಂಟು, ಮಿಂಟ್ ಎರಡಕ್ಕೂ ಮೂಲ ಡೆಬಿಯನ್. ಇಯಾನ್ ಮರ್ಡಕ್ 1993ರಲ್ಲಿ ಆರಂಭಿಸಿದ ಈ ಯೋಜನೆಯ ಹಿಂದೆ ಯಾವ ಕಂಪನಿಯೂ ಇಲ್ಲ. ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ಸೇರಿ ನಡೆಸುತ್ತಾರೆ, ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸುತ್ತಾರೆ, ಬಳಕೆದಾರರಿಗೆ ಕೊಟ್ಟ ಮಾತನ್ನು ಸಾಮಾಜಿಕ ಒಪ್ಪಂದವೆಂದು 1997ರಲ್ಲೇ ಬರೆದಿಟ್ಟಿದ್ದಾರೆ. ಅವರ ವಾರ್ಷಿಕ ಸಮ್ಮೇಳನ 2023ರಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು. ಎರಡು ವರ್ಷಕ್ಕೊಂದು ಸ್ಥಿರ ಆವೃತ್ತಿ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಬಂದದ್ದು 13ನೆಯದು. ಒಟ್ಟು ಐದು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆ. ಹಿಂದೆಲ್ಲ ಡೆಬಿಯನ್ ಹಾಕಿದರೆ ವೈಫೈ ಕೈಕೊಡುತ್ತಿತ್ತು, ಯಾಕೆಂದರೆ ಮುಕ್ತವಲ್ಲದ ಫರ್ಮ್‌ವೇರ್ ಅನ್ನು ಅವರು ಇನ್‌ಸ್ಟಾಲರ್‌ನಲ್ಲಿ ಸೇರಿಸುತ್ತಿರಲಿಲ್ಲ. 2023ರ 12ನೆಯ ಆವೃತ್ತಿಯಿಂದ ಸೇರಿಸುತ್ತಿದ್ದಾರೆ. ಆ ಒಂದು ನಿರ್ಧಾರದಿಂದ ಡೆಬಿಯನ್ ಮನೆಬಳಕೆಗೆ ಬಹಳ ಹತ್ತಿರ ಬಂದಿದೆ.

ಡೆಬಿಯನ್ ಸ್ಥಿರ ಆವೃತ್ತಿಯಲ್ಲಿ ತಂತ್ರಾಂಶಗಳು ಹಳೆಯವು ಎಂದು ದೂರುವವರಿದ್ದಾರೆ. ದೂರು ನಿಜವೇ. ಆದರೆ ಆ ನಿಧಾನಕ್ಕೆ ಒಂದು ಬೆಲೆಯಿದೆ ಎಂಬುದು 2024ರ ಮಾರ್ಚ್‌ನಲ್ಲಿ ಎದ್ದು ಕಂಡಿತು. ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರ್ ಬೇರಾವುದೋ ಪರೀಕ್ಷೆ ಮಾಡುತ್ತಿದ್ದಾಗ ದೂರದ ಯಂತ್ರ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿದರು. ಅದರ ಜಾಡು ಹಿಡಿದು ಹೋದಾಗ ಸಿಕ್ಕದ್ದು ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಪುಟ್ಟ ಸಲಕರಣೆಯೊಳಗೆ ಹೂತಿಟ್ಟ ಹಿಂಬಾಗಿಲು. ವರ್ಷಗಟ್ಟಲೆ ಒಳ್ಳೆಯವನಂತೆ ನಟಿಸಿ, ಯೋಜನೆಯ ನಿರ್ವಾಹಕನ ವಿಶ್ವಾಸ ಗಳಿಸಿದ ಒಬ್ಬ ಅನಾಮಿಕ ಅದನ್ನು ಸೇರಿಸಿದ್ದ. ಮಾರ್ಚ್ 29ರಂದು ಸುದ್ದಿ ಹೊರಬಿದ್ದಾಗ, ಕೆಟ್ಟ ಆವೃತ್ತಿ ಡೆಬಿಯನ್‌ನ ಪರೀಕ್ಷಾ ಶಾಖೆ, ಫೆಡೋರಾದ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್, ಆರ್ಚ್ ಹೀಗೆ ಹೊಸದನ್ನು ಬೇಗ ಕೊಡುವ ಕವಲುಗಳನ್ನು ಆಗಲೇ ತಲುಪಿತ್ತು. ಡೆಬಿಯನ್ ಸ್ಥಿರ ಆವೃತ್ತಿಗಾಗಲಿ ಮಿಂಟ್‌ಗಾಗಲಿ ಬಂದಿರಲಿಲ್ಲ. ಬ್ಯಾಂಕ್ ಕೆಲಸ, ಮಕ್ಕಳ ಪಾಠ, ಪತ್ರವ್ಯವಹಾರಕ್ಕೆ ಕಂಪ್ಯೂಟರ್ ಬಳಸುವವರಿಗೆ ಹೊಚ್ಚಹೊಸ ಆವೃತ್ತಿಯಿಂದ ಸಿಗುವುದು ಅತ್ಯಲ್ಪ. ಅದಕ್ಕಾಗಿ ಪರೀಕ್ಷೆಯ ಮುಂಚೂಣಿಯಲ್ಲಿ ಅವರು ನಿಲ್ಲಬೇಕಾಗಿಲ್ಲ.

ಹಾಗೆಂದು ಎಲ್ಲರಿಗೂ ಹಳೆಯದೇ ಸರಿ ಎನ್ನಲಾಗದು. ಲ್ಯಾಪ್‌ಟಾಪ್ ತೀರ ಹೊಸದಾಗಿದ್ದರೆ ಅದರ ವೈಫೈ, ಗ್ರಾಫಿಕ್ಸ್ ಚಿಪ್‌ಗಳನ್ನು ಗುರುತಿಸಲು ಹೊಸ ಕರ್ನೆಲ್ ಬೇಕು. ಅಲ್ಲಿ ಫೆಡೋರಾ ಒಳ್ಳೆಯ ಆಯ್ಕೆ. ರೆಡ್ ಹ್ಯಾಟ್ ಪ್ರಾಯೋಜಿಸುವ ಈ ಡಿಸ್ಟ್ರೊ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಪ್ರತಿ ಆವೃತ್ತಿಗೆ ಸುಮಾರು ಹದಿಮೂರು ತಿಂಗಳು ಆಯುಸ್ಸು. ವರ್ಷಕ್ಕೊಮ್ಮೆಯಾದರೂ ಮೇಲ್ದರ್ಜೆಗೇರಿಸುವ ವ್ಯವಧಾನ ನಿಮಗಿರಬೇಕು. ಪೇಟೆಂಟ್ ಕಾರಣದಿಂದ ಕೆಲವು ವಿಡಿಯೊ ಕೋಡೆಕ್‌ಗಳನ್ನು ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಪ್ರತ್ಯೇಕವಾಗಿ ತರಬೇಕು. ಓಪನ್‌ಸೂಸೆ ಕೂಡ ಗಟ್ಟಿಯಾದದ್ದು. ಆರ್ಚ್ ಕಲಿಯುವ ಹಂಬಲ ಇರುವವರಿಗೆ ಚೆಂದ. ಅದರ ವಿಕಿ ಯಾವ ಡಿಸ್ಟ್ರೊ ಬಳಸುವವರಿಗೂ ಉಪಯುಕ್ತ. ಮನೆಮಂದಿಯೆಲ್ಲ ಬಳಸುವ ಯಂತ್ರಕ್ಕೆ ಆರ್ಚ್ ಹಾಕುವುದು ಬೇಡ.

ಇವಲ್ಲದೆ ನೂರಾರು ಸಣ್ಣ ಡಿಸ್ಟ್ರೊಗಳಿವೆ. ಕೆಲವು ಕಣ್ಣಿಗೆ ತುಂಬ ಸುಂದರ. ಆರಿಸುವ ಮುನ್ನ ಅವು ಎಷ್ಟು ದಿನ ಬಾಳುತ್ತವೆ ಎಂದು ಕೇಳಿಕೊಳ್ಳಿ. ಆರ್ಚ್ ಆಧಾರಿತ ಆಂಟರ್‌ಗೋಸ್ 2019ರಲ್ಲಿ ನಿಂತುಹೋಯಿತು, ನಡೆಸುವವರಿಗೆ ಸಮಯ ಸಾಲಲಿಲ್ಲ. ಹಿಂದೆ ದೊಡ್ಡ ಕಂಪನಿಯಿದ್ದರೂ ಖಾತ್ರಿಯಿಲ್ಲ. ಇಂಟೆಲ್ ತನ್ನ ಕ್ಲಿಯರ್ ಲಿನಕ್ಸನ್ನು 2025ರ ಜುಲೈನಲ್ಲಿ ದಿಢೀರನೆ ಮುಚ್ಚಿತು. 2029ರವರೆಗೆ ಇರುತ್ತದೆ ಎಂದು ಜನ ನಂಬಿದ್ದ ಸೆಂಟ್ಒಎಸ್ 8ರ ಆಯುಸ್ಸನ್ನು 2021ರ ಕೊನೆಗೇ ಮೊಟಕುಗೊಳಿಸುವುದಾಗಿ ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮಿಂಟ್ ತಂಡಕ್ಕೂ ಇದರ ಅರಿವಿದೆ. ಉಬುಂಟು ಒಂದು ದಿನ ಇಲ್ಲವಾದರೆ ಏನು ಗತಿ ಎಂಬ ಮುಂದಾಲೋಚನೆಯಿಂದ ಡೆಬಿಯನ್ ಮೇಲೆ ನೇರವಾಗಿ ಕಟ್ಟಿದ ಎಲ್‌ಎಂಡಿಇ ಎಂಬ ಇನ್ನೊಂದು ರೂಪವನ್ನು ಅವರು ಜೊತೆಜೊತೆಗೇ ಕಾಪಾಡಿಕೊಂಡು ಬಂದಿದ್ದಾರೆ. ನನಗೆ ಮಿಂಟ್ ಬಗ್ಗೆ ಭರವಸೆ ಬಂದದ್ದು ಮುಖ್ಯವಾಗಿ ಇದರಿಂದ.

ಇನ್ನು ಕನ್ನಡ. ಕನ್ನಡದಲ್ಲಿ ಬರೆಯುವವರು ಡಿಸ್ಟ್ರೊ ಪರೀಕ್ಷಿಸುವಾಗ ಇದನ್ನೇ ಮೊದಲು ನೋಡಬೇಕು ಎನ್ನುವುದು ನನ್ನ ಹಠ. ಓದುವ ಸಮಸ್ಯೆ ಬಹುಪಾಲು ಬಗೆಹರಿದಿದೆ. ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಈಗ ಎಲ್ಲ ಡಿಸ್ಟ್ರೊಗಳಲ್ಲೂ ಇದೆ. ನೋಟೊ ಫಾಂಟ್ ಉಬುಂಟು, ಮಿಂಟ್, ಫೆಡೋರಾಗಳಲ್ಲಿ ಸುಲಭವಾಗಿ ಸಿಗುತ್ತದೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳಿವೆ. ಕನ್ನಡಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ಹಾಕುವ ಕನ್ನಡ ಡೆಸ್ಕ್‌ಟಾಪ್ ಎಂಬ ಪ್ಯಾಕೇಜೂ ಇದೆ. ಆರ್ಚ್‌ನಂಥ ಕಡೆ ಫಾಂಟನ್ನು ನೀವೇ ಹಾಕಿಕೊಳ್ಳದಿದ್ದರೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ.

ಬರೆಯಲು ಐಬಸ್ ಎಂಬ ವ್ಯವಸ್ಥೆ ಬೇಕು. ಮಿಂಟ್‌ನಲ್ಲಾದರೆ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಐಬಸ್ ಆಯ್ಕೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎಂಬ ವಿನ್ಯಾಸಗಳು ಕಾಣುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ, ಗಣಕ ಪರಿಷತ್ತಿನ ನುಡಿಯಿಂದ ನಾಡಿಗೆಲ್ಲ ರೂಢಿಯಾದ ಕೀಲಿವಿನ್ಯಾಸ ಕೈಗೆ ಹತ್ತಿದವರು ಕೆಜಿಪಿ ಆರಿಸಬೇಕು. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ಹಳೆಯ ಅಭ್ಯಾಸ ಹಾಗೇ ಮುಂದುವರಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಟೈಪಿಸಿ ರೂಢಿಯಿರುವವರಿಗೆ ಐಟ್ರಾನ್ಸ್ ಹತ್ತಿರವಾಗುತ್ತದೆ. ಲಿಬ್ರೆ ಆಫೀಸ್ ತೆರೆದು ಸೂರ್ಯ, ಸ್ತ್ರೀ, ಲಕ್ಷ್ಮೀ, ರಾಷ್ಟ್ರ, ರ‍್ಯಾಂಕ್ ಈ ಐದು ಪದ ಬರೆಯಿರಿ. ಸೂರ್ಯದಲ್ಲಿ ಅರ್ಕಾವೊತ್ತು ಬರಬೇಕು, ರ‍್ಯಾಂಕ್‌ನಲ್ಲಿ ಪೂರ್ಣ ರ ಉಳಿದು ಯಕಾರ ಒತ್ತಾಗಬೇಕು. ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ನಡುವೆ ಸೇರುತ್ತದೆ. ಅದನ್ನು ನಿಮ್ಮ ಕೀಲಿವಿನ್ಯಾಸದಲ್ಲಿ ಹೇಗೆ ತರುವುದೆಂದು ಕಂಡುಕೊಂಡರೆ ಮುಂದೆ ತೊಂದರೆಯಿಲ್ಲ.

ಹಳೆಯ ಕಡತಗಳಿಗೆ ಮಾತ್ರ ಎಚ್ಚರ ಬೇಕು. ಹಿಂದಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಮಾಡಿದ ದಾಖಲೆಗಳು ಯೂನಿಕೋಡ್‌ನಲ್ಲಿ ಇಲ್ಲ. ಅವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಇದು ಲಿನಕ್ಸ್‌ನ ದೋಷವಲ್ಲ, ಆ ಫಾಂಟ್ ಇಲ್ಲದ ವಿಂಡೋಸ್ ಯಂತ್ರದಲ್ಲೂ ಹೀಗೇ ಆಗುತ್ತದೆ. ಹಳೆಯ ಯಂತ್ರ ಚಾಲೂ ಇರುವಾಗಲೇ ಪರಿವರ್ತಕ ಬಳಸಿ ಮುಖ್ಯವಾದವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪೇಜ್‌ಮೇಕರ್‌ನಲ್ಲಿ ಪುಸ್ತಕ ಕಟ್ಟುವ ಡಿಟಿಪಿ ಅಂಗಡಿಯವರಿಗೆ ಲಿನಕ್ಸ್‌ಗೆ ಬನ್ನಿ ಎಂದು ನಾನು ಈಗಲೇ ಹೇಳಲಾರೆ. ಅವರ ಹತ್ತಿಪ್ಪತ್ತು ವರ್ಷದ ಸಂಗ್ರಹವೆಲ್ಲ ಆ ಫಾಂಟ್‌ಗಳಲ್ಲೇ ಇದೆ.

ಕನ್ನಡದ ನಂತರ ಪ್ರಿಂಟರ್. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಕಾಣುವ ಎರಡು ಹಳೆಯ ಮಾದರಿಗಳನ್ನೇ ತೆಗೆದುಕೊಳ್ಳಿ. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ಕಂಪ್ಯೂಟರ್‌ನಿಂದಲೇ ಪಡೆಯುವ ಜಾತಿಯದು. ಎಚ್‌ಪಿಲಿಪ್ ಎಂಬ ತಂತ್ರಾಂಶದ ಜೊತೆ ಒಂದು ಪ್ಲಗಿನ್ ಹಾಕಿದರೆ ಕೆಲಸ ಮಾಡುತ್ತದೆ. ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ತನ್ನದೇ ಸಂವಹನ ವಿಧಾನ ಬಳಸುತ್ತದೆ, ಅದನ್ನು ಹೊಸ ಡಿಸ್ಟ್ರೊಗಳಲ್ಲಿ ನಡೆಸುವುದು ಬಹಳ ಶ್ರಮದ ಕೆಲಸ. ಆ ಪ್ರಿಂಟರ್ ಇಲ್ಲದೆ ಆಗದು ಎನ್ನುವವರು ಮೊದಲು ಅದನ್ನೇ ಪರೀಕ್ಷಿಸಲಿ. ವೈಫೈ ಇರುವ ಈಚಿನ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಡ್ರೈವರ್ ಇಲ್ಲದೆಯೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಲೆಕ್ಕಪತ್ರದವರಿಗೂ ಒಂದು ಮಾತು. ನಮ್ಮ ಬೆಂಗಳೂರಿನ ಕಂಪನಿಯದೇ ಆದ ಟ್ಯಾಲಿ ವಿಂಡೋಸ್‌ಗೆಂದೇ ತಯಾರಾಗುತ್ತದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಟೋಕನ್‌ನ ಲಿನಕ್ಸ್ ಡ್ರೈವರ್ ಇದೆಯೇ, ತಾವು ಬಳಸುವ ಸರ್ಕಾರಿ ಪೋರ್ಟಲ್ ಅದನ್ನು ಒಪ್ಪುತ್ತದೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು. ನೆಟ್‌ಬ್ಯಾಂಕಿಂಗ್, ವಾಟ್ಸ್‌ಆ್ಯಪ್ ವೆಬ್, ಆನ್‌ಲೈನ್ ತರಗತಿ, ಯೂಟ್ಯೂಬ್ ಎಲ್ಲ ಬ್ರೌಸರ್‌ನಲ್ಲೇ ನಡೆಯುವುದರಿಂದ ಅಲ್ಲಿ ಚಿಂತೆಯಿಲ್ಲ.

ಇಷ್ಟನ್ನೂ ಏನನ್ನೂ ಅಳಿಸದೆ ಪರೀಕ್ಷಿಸಬಹುದು ಎಂಬುದೇ ಲಿನಕ್ಸ್‌ನ ದೊಡ್ಡ ಅನುಕೂಲ. 8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ, ಖಾಲಿಯಾದದ್ದನ್ನೇ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ರೂಫಸ್ ತಂತ್ರಾಂಶದಿಂದ ಐಎಸ್‌ಒ ಕಡತವನ್ನು ಅದಕ್ಕೆ ಬರೆದು, ಯಂತ್ರ ಚಾಲೂ ಆಗುವಾಗ ಎಫ್12 ಅಥವಾ ಆಯಾ ಕಂಪನಿಯ ಬೂಟ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿದರೆ ಇಡೀ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ವೈಫೈ ಹಿಡಿಯಿತೇ, ಧ್ವನಿ ಬಂತೇ, ಕ್ಯಾಮೆರಾ ಕಾಣಿಸಿತೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಯಿತೇ, ಒಂದು ಹಾಳೆ ಪ್ರಿಂಟ್ ಆಯಿತೇ ನೋಡಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ನಿಧಾನ ಇರುತ್ತದೆ, ಅದನ್ನೇ ನಿಜವಾದ ವೇಗವೆಂದು ಭಾವಿಸಬೇಡಿ. ಇನ್‌ಸ್ಟಾಲ್ ಮಾಡುವ ಮುನ್ನ ಕಡತಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ನಕಲಿಸಿ. ವಿಂಡೋಸ್ ಅನ್ನೂ ಉಳಿಸಿಕೊಳ್ಳುವುದಾದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ, ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದೆ ವಿಂಡೋಸ್ ತೆರೆಯದೇ ಹೋಗಬಹುದು.

ನನ್ನ ತೀರ್ಮಾನ ಇದು: 8 ಜಿಬಿ ರ‍್ಯಾಮ್ ಇದ್ದರೆ ಮಿಂಟ್ ಸಿನಮನ್, 4 ಜಿಬಿ ಇದ್ದರೆ ಮಿಂಟ್ ಎಕ್ಸ್‌ಎಫ್‌ಸಿಇ. ಲಿನಕ್ಸ್ ಕೈಹಿಡಿದು ವರ್ಷವಾದವರಿಗೆ, ಬದಲಾವಣೆಯ ಕಿರಿಕಿರಿ ಬೇಡ ಎನ್ನುವವರಿಗೆ ಡೆಬಿಯನ್. ಯಂತ್ರ ತೀರ ಹೊಸದಾದರೆ ಫೆಡೋರಾ. ಪಕ್ಕದ ಮನೆಯಲ್ಲೋ ಕಚೇರಿಯಲ್ಲೋ ಉಬುಂಟು ಬಲ್ಲವರೊಬ್ಬರಿದ್ದು, ಕರೆದಾಗ ಬಂದು ನೋಡುತ್ತಾರೆ ಎಂದಾದರೆ ನನ್ನ ಮಾತು ಬಿಟ್ಟು ಉಬುಂಟುವನ್ನೇ ಹಾಕಿ, ಆ ನೆರವು ಯಾವ ಗುಣಕ್ಕಿಂತಲೂ ದೊಡ್ಡದು. ಯಾವುದನ್ನೇ ಹಾಕಿದರೂ ಕನಿಷ್ಠ ಒಂದು ವರ್ಷ ಅದನ್ನೇ ಬಳಸಿ. ಇನ್ನೊಂದು ಡಿಸ್ಟ್ರೊ ಚೆನ್ನಾಗಿದೆಯಂತೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಬದಲಿಸಲು ಹೋಗಬೇಡಿ.